ಸ್ಟೀಲಿನ ಮೇಲೆ ಹಸಿರು ಪದರ

ಗೆಳತಿ ತೀರಿಕೊಂಡ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಅವಳ ತಾಯಿ ಆಳಂದದಿಂದ ಕಲಬುರ್ಗಿಗೆ, ನಮ್ಮ ಪ್ರಯೋಗಾಲಯಕ್ಕೆ ಬಂದರು. ನಾನು ಜೇವರ್ಗಿಯವಳು. ಅವರ ಮಗಳೂ ನಾನೂ ಆ ಪ್ರಯೋಗಾಲಯದಲ್ಲಿ ಒಂದೇ ಮೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದೆವು. ವಿದ್ಯುತ್ ಹರಿಸುವ ಒಂದು ಬಗೆಯ ಪ್ಲಾಸ್ಟಿಕ್ಕನ್ನು ಸ್ಟೀಲಿನ ಮೇಲೆ ತೆಳುವಾಗಿ ಬೆಳೆಸಿ, ಉಪ್ಪುನೀರಿನ ತುಕ್ಕಿನಿಂದ ಸ್ಟೀಲನ್ನು ಕಾಪಾಡುವುದು ನಮ್ಮ ಕೆಲಸ. ಪದರವೇನೋ ಬೆಳೆಯುತ್ತಿತ್ತು, ಒಣಗಿದೊಡನೆ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು.

"ತಗಡು ಭಾಳ ನುಣ್ಣಗೈತಿ. ಪಾಲಿಶ್ ಪೇಪರಿನಿಂದ ಒರಟು ಮಾಡೋಣು, ಕರೆಂಟೂ ಕಡಿಮಿ ಬಿಡೋಣು. ಸಾವಕಾಶ ಬೆಳೀಲಿ," ಅಂದಿದ್ದಳು ಅವಳು. ಮರುದಿನ ಜ್ವರವೆಂದು ಊರಿಗೆ ಹೋದಳು. ಅದು ಕಾಮಾಲೆಯಾಗಿತ್ತು. ತಿರುಗಿ ಬರಲಿಲ್ಲ. ಆಮೇಲೆ ನನಗೆ ಆ ಮೇಜಿನ ಹತ್ತಿರ ಹೋಗಲು ಮನಸ್ಸೇ ಬಂದಿರಲಿಲ್ಲ.

"ಆಕಿ ಇಲ್ಲಿ ಏನು ಮಾಡ್ತಿದ್ದಳವ್ವಾ? ನಾ ಒಮ್ಮಿನೂ ಕೇಳಲಿಲ್ಲ. ತೋರಿಸ್ತೀ ಏನು?" ಅಂದರು ತಾಯಿ.

"ತೋರಿಸ್ತೇನಿ, ಖಾಲಾ. ಕೂಡ್ರಿ."

ಅವಳು ಹೇಳಿದಂತೆಯೇ ತಗಡನ್ನು ತಿಕ್ಕಿದೆ. ಪ್ಲಾಸ್ಟಿಕ್ಕಾಗಿ ಬೆಳೆಯುವ ಅನಿಲಿನ್ ಬೆರೆಸಿದ ಆಮ್ಲದಲ್ಲಿ ಇಳಿಬಿಟ್ಟು, ತಂತಿ ಜೋಡಿಸಿ ಕರೆಂಟು ಕಡಿಮೆ ಬಿಟ್ಟೆ. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ತಗಡಿನ ಅಂಚಿನಲ್ಲಿ ಹಸಿರು ಮೂಡಿ ನಿಧಾನವಾಗಿ ಒಳಗೆ ಹರಡತೊಡಗಿತು. ಖಾಲಾ ಮುಂದೆ ಬಾಗಿದರು.

"ಮೆಹಂದಿ ಅರದಂಗ ಐತಿ. ಇದಕ್ಕಽ ಆಕಿ ಹಬ್ಬಕ್ಕೂ ಬರ್ತಿರಲಿಲ್ಲೇನು?"

"ಹೌದ್ರಿ," ಅಂದೆ.

ತಗಡನ್ನು ತೊಳೆದು ಫ್ಯಾನಿನ ಕೆಳಗಿಟ್ಟೆ. ಒಣಗಿದ ಮೇಲೆ, ಪದರ ಗಟ್ಟಿಯಾಗಿ ಅಂಟಿದೆಯೋ ನೋಡಲು ಟೇಪು ಒತ್ತಿ ಕಿತ್ತೆ. ಟೇಪು ಬರಿದಾಗಿಯೇ ಬಂತು. ಇನ್ನೊಮ್ಮೆ ಕಿತ್ತರೂ ಪದರ ಅಲುಗಲಿಲ್ಲ. ನಾನು ಮೂರನೇ ಸಲ ಟೇಪು ಒತ್ತುವುದನ್ನು ಕಂಡು ಖಾಲಾ, "ಏನಾತು ಬೇ?" ಅಂದರು.

"ಹಿಡೀತು ಖಾಲಾ. ಈ ಉಪಾಯ ಆಕೀದೇ. ಇವತ್ತಽ ಮೊದಲ ಸಲ ಮಾಡಿದ್ದು."

"ಹಿಂಗ ಆಗ್ತದಂತ ಆಕಿಗಿ ಗೊತ್ತಿತ್ತೇನು?"

"ಆಗಬಹುದು ಅಂದಿದ್ದಳ್ರಿ. ನೋಡಲಿಲ್ಲ."

ಖಾಲಾ ದುಪಟ್ಟಾದಿಂದ ಮುಖ ಮುಚ್ಚಿಕೊಂಡರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಸಂಜೆ ಅವರನ್ನು ಆಳಂದದ ಬಸ್ಸಿಗೆ ಹತ್ತಿಸಿ ಬಂದೆ.

ಮುಂದೆ ಅದೇ ಕೆಲಸಕ್ಕೆ ನನಗೆ ಡಾಕ್ಟರೇಟ್ ಬಂತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, "ಈ ವಿಧಾನ ಹೇಗೆ ಹೊಳೆಯಿತು?" ಎಂದು ಕೇಳಿದರು.

"ನನಗಲ್ಲ ಸರ್, ನನ್ನ ಗೆಳತಿಗೆ. ಈಗ ಅವಳಿಲ್ಲ," ಅಂದೆ.

ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು.