ಬೀಗದ ಬಾಗಿಲಿಗೆ ಅವಳ ಹೆಸರು

ನನ್ನ ಗೆಳತಿಯನ್ನು ಮಾರುಕಟ್ಟೆಯವರೆಲ್ಲ ಟೈಲರಕ್ಕ ಎನ್ನುತ್ತಿದ್ದರು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಒಂದು ಹೊಲಿಗೆ ಯಂತ್ರ, ಗಿರಾಕಿ ಕೂರಲು ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಕೂತು ನಾನು ಕಥೆ ಓದುತ್ತಿದ್ದೆ, ಅವಳು ಕಾಜಾ ಹೊಲಿಯುತ್ತ ಕೇಳುತ್ತಿದ್ದಳು. ಕಥೆಯಲ್ಲಿ ಯಾರಾದರೂ ಅತಿಯಾಗಿ ಅತ್ತರೆ, "ಮುಂದಿನ ಪುಟಕ್ಕೆ ಹೋಗೇ, ಗಿರಾಕಿ ಬಟ್ಟೆ ಒದ್ದೆಯಾಗತ್ತೆ" ಎನ್ನುತ್ತಿದ್ದಳು.

ಬಾಯಾರಿದರೆ ಒಂದು ಗುಟುಕು ನೀರು ಮುಕ್ಕಳಿಸಿ ಉಗುಳುತ್ತಿದ್ದಳು, ನುಂಗುತ್ತಿರಲಿಲ್ಲ. ಮಾರುಕಟ್ಟೆಯ ಹೆಂಗಸರೆಲ್ಲರ ಅಭ್ಯಾಸ ಅದು. ಕುಡಿದರೆ ಹೋಗುವುದೆಲ್ಲಿಗೆ? ಪುರಸಭೆ ಕಟ್ಟಿಸಿದ ಹೆಂಗಸರ ಶೌಚಾಲಯ ಅಂಗಡಿಯ ಎದುರಿಗೇ ಇತ್ತು. ಬಣ್ಣ ಬಳಿದ ದಿನದಿಂದಲೂ ಅದಕ್ಕೆ ಬೀಗ.

ಆ ಬೀಗ ತೆಗೆಸಲೆಂದೇ ಅವಳು ಪುರಸಭೆ ಚುನಾವಣೆಗೆ ನಿಂತಳು, ಗೆದ್ದಳು. ಒಳಗೆ ಹೋದ ಮೇಲೆ ಗೊತ್ತಾಯಿತು: ಆಡಳಿತ ಸುಧಾರಣೆಯ ಹೆಸರಿನಲ್ಲಿ ನೀರು, ಚರಂಡಿ, ನೈರ್ಮಲ್ಯ ಎಲ್ಲವನ್ನೂ ಪುರಸಭೆಯಿಂದ ಕಿತ್ತು ರಾಜಧಾನಿಯ ಮಂಡಳಿಗೆ ಕೊಟ್ಟಾಗಿದೆ. ಕಟ್ಟಡ ಪುರಸಭೆಯದು, ನಲ್ಲಿ ಮಂಡಳಿಯದು. ಮಂಡಳಿ ನೀರು ಕೊಡದೆ ಬೀಗ ತೆಗೆಯುವಂತಿಲ್ಲ. ಸದಸ್ಯರು ತಾವೇ ತೀರ್ಮಾನಿಸಲು ಉಳಿದದ್ದು ಎರಡು: ರಸ್ತೆಗೋ ಕಟ್ಟಡಕ್ಕೋ ಹೆಸರಿಡುವುದು, ಸತ್ತವರಿಗೆ ಸಂತಾಪ ಸೂಚಿಸುವುದು. ಮಿಕ್ಕದ್ದೆಲ್ಲ 'ಮಂಡಳಿಯ ಗಮನಕ್ಕೆ ತರಲಾಗುವುದು'.

ಅವಳು ಪ್ರತಿ ಸಭೆಯಲ್ಲೂ ಎದ್ದು ನಿಂತಳು.

"ಏನಕ್ಕಾ, ಊರಲ್ಲಿ ಇಷ್ಟೊಂದು ಸಮಸ್ಯೆ ಇದೆ, ನೀವು ಆ ಕಕ್ಕಸು ಬಿಟ್ಟು ಮೇಲೇಳಲ್ವಲ್ಲ!" ಎಂದರು ಅಧ್ಯಕ್ಷರು.

"ಕೂರೋಕೆ ಬಿಟ್ರಲ್ವಾ ಸ್ವಾಮಿ ಏಳೋದು? ನಿಮ್ಮ ಕೋಣೆ ಪಕ್ಕದ್ದಕ್ಕೂ ಒಂದಿನ ಬೀಗ ಹಾಕ್ಸಿ. ಎಷ್ಟು ಬೇಗ ನಿರ್ಣಯ ಆಗತ್ತೆ ನೋಡೋಣ."

ಸಭೆ ನಕ್ಕಿತು. ನಕ್ಕು ಮುಂದಿನ ವಿಷಯಕ್ಕೆ ಹೋಯಿತು.

ತರಕಾರಿ ಅಜ್ಜಿಗೆ ಅಷ್ಟು ತಾಳ್ಮೆ ಇರಲಿಲ್ಲ. ಒಂದು ದಿನ ತೂಕದ ಕಲ್ಲು ಎತ್ತಿಕೊಂಡು ಬಂದೇಬಿಟ್ಟಳು. ಟೈಲರಕ್ಕ ಶೌಚಾಲಯದ ಬಾಗಿಲಿಗೆ ಅಡ್ಡ ನಿಂತಳು.

"ಬೇಡಜ್ಜಿ. ಸದಸ್ಯೆಯಾಗಿ ನಾನೇ ಬೀಗ ಒಡೆಸಿದ್ರೆ ಪುರಸಭೆ ಯಾಕೆ ಬೇಕು? ನಿರ್ಣಯ ಮಾಡ್ಸಿಯೇ ತೆಗೆಸ್ತೀನಿ."

"ನಿನ್ನ ನಿರ್ಣಯ ಬರೋವರ್ಗೂ ತಡ್ಕೊಂಡು ಕೂರೋಕಾಗತ್ತೇನೇ?"

ಹೆಂಗಸರೆಲ್ಲ ಕೂತರು. ಅವಳ ಮೇಲಿನ ಪ್ರೀತಿಗೆ.

ಇದೊಂದಕ್ಕೆ ಅವಳನ್ನು ಕ್ಷಮಿಸಲು ನನ್ನಿಂದ ಇನ್ನೂ ಆಗಿಲ್ಲ. ಅವಳಿಗೆ ಜ್ವರ ಬಂದು ಬಂದು ಹೋಗುತ್ತಿತ್ತು; ಸೊಂಟದ ನೋವು ಕೂತು ಹೊಲಿಯುವುದರಿಂದ ಎಂದುಕೊಂಡಳು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮೂತ್ರದ ಸೋಂಕು ಕಿಡ್ನಿಗೇರಿ ರಕ್ತಕ್ಕೂ ಹರಡಿತ್ತು. "ಸರಿಯಾಗಿ ನೀರು ಕುಡೀತಿರ್ಲಿಲ್ವಾ ಇವ್ರು?" ಎಂದು ಡಾಕ್ಟರು ಅವಳ ಗಂಡನನ್ನು ಕೇಳಿದರು. ಅವನು ನನ್ನ ಮುಖ ನೋಡಿದ. ಏನು ಹೇಳುವುದು? ಮಂಡಳಿಯ ಗಮನಕ್ಕೆ ತರಲಾಗಿದೆ ಎಂದೇ?

ಅವಳು ಹೋದ ಮೇಲೆ ಪುರಸಭೆ ತನಗುಳಿದ ಎರಡೂ ಅಧಿಕಾರಗಳನ್ನು ಚಲಾಯಿಸಿತು. ಸಂತಾಪ ಸೂಚಿಸಿತು. ಶೌಚಾಲಯಕ್ಕೆ ಅವಳ ಹೆಸರಿಟ್ಟಿತು. ಒಬ್ಬರೂ ವಿರೋಧಿಸಲಿಲ್ಲವಂತೆ. ಬಾಗಿಲಿಗೆ ಹೊಸ ಬಣ್ಣ ಬಳಿಯುವಾಗ ಬೀಗಕ್ಕೂ ಬಳಿದಿದ್ದರು. ನಾಮಫಲಕದ ಪರದೆ ಸರಿಸಲು ಬಂದ ಅಧ್ಯಕ್ಷರು "ಅವರ ಕನಸು..." ಎಂದು ಶುರುಮಾಡುವಷ್ಟರಲ್ಲಿ ತರಕಾರಿ ಅಜ್ಜಿ ಎದುರಿಗೆ ಬಂದಳು. ಒಂದು ಕೈಯಲ್ಲಿ ನೀರಿನ ಬಕೆಟ್ಟು, ಇನ್ನೊಂದರಲ್ಲಿ ಅದೇ ಕಲ್ಲು. ಹಿಂದೆ ಬಕೆಟ್ಟು ಹಿಡಿದ ಹೆಂಗಸರ ಸಾಲು.

"ಅಜ್ಜೀ, ಭಾಷಣ ಮುಗೀಲಿ."

"ನೀನು ಮಾಡಪ್ಪ. ನಾವು ಒಳಗಿಂದ ಕೇಳ್ತೀವಿ."

ಎರಡನೇ ಏಟಿಗೆ ಬೀಗ ಬಿತ್ತು.

ಸಾರ್ವಜನಿಕ ಆಸ್ತಿ ಹಾಳುಮಾಡಿದಳೆಂದು ಪುರಸಭೆ ಈಗ ಅಜ್ಜಿಯ ಮೇಲೆ ಪೊಲೀಸರಿಗೆ ದೂರು ಕೊಟ್ಟಿದೆ. ಅದಕ್ಕೆ ಮಂಡಳಿಯ ಅಪ್ಪಣೆ ಬೇಕಾಗಲಿಲ್ಲ. ಪುರಸಭೆ ಯಾಕೆ ಬೇಕು ಎಂದು ಟೈಲರಕ್ಕ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇದು.

ಬಕೆಟ್ಟಿನ ಸಾಲು ನಿಂತಿಲ್ಲ. ಹೆಂಗಸರು ಹಗಲಲ್ಲಿ ನೀರು ಕುಡಿಯುತ್ತಿದ್ದಾರೆ. ನಾನು ಅವಳ ಅಂಗಡಿಯ ಸ್ಟೂಲಿನ ಮೇಲೆ ಕೂತು ಎದುರಿನ ಬಾಗಿಲು ತೆರೆದು ಮುಚ್ಚುವ ಸದ್ದು ಕೇಳುತ್ತೇನೆ, ಅವಳನ್ನು ಬಾಯ್ತುಂಬ ಬೈಯುತ್ತೇನೆ. ಎರಡೇ ಏಟಿನ ಕೆಲಸ ಆಗಿತ್ತಲ್ಲೇ.