ಎರಡು ಗಂಟೆಯ ಏಸಿ

ತೀರಿಕೊಂಡ ಯಜಮಾನರು ದಿನಾ ಮಧ್ಯಾಹ್ನ ಎರಡಕ್ಕೆ ಬಂದು ತಮ್ಮ ಕೋಣೆಯ ಕಿಟಕಿ ಏಸಿ ಹಾಕಿಕೊಳ್ಳುತ್ತಾರೆಂದು ಮುಂಬಯಿಯ ಸಯನ್ನಿನ ಆ ಬಿಲ್ಡಿಂಗಿನಲ್ಲಿ ಎಲ್ಲರೂ ನಂಬಿದ್ದರು. ಹೆದರಿದ ಸೊಸೆ ಏಸಿಯ ಸಾಕೆಟ್ಟನ್ನು ಬೇರೆ ಗೋಡೆಗೆ ಸರಿಸಲು ಎಲೆಕ್ಟ್ರಿಷಿಯನ್ ಆದ ನನ್ನನ್ನು ಕರೆಸಿದ್ದಳು.

“ಬ್ಯಾಡ ತಮ್ಮಾ,” ಎಂದರು ಯಜಮಾನರ ಹೆಂಡತಿ, ವಿಜಾಪುರದ ಕಡೆಯ ಅಜ್ಜಿ. “ಸರಿಸಿದ್ರ ಅವರು ಬರೂದ ಬಿಡ್ತಾರ.”

“ಸತ್ತವರಿಗೆ ಏಸಿ ಯಾಕೆ ಅಜ್ಜಿ?”

“ಬದುಕಿದ್ದಾಗ ನನ್ನ ಒಂದು ಮಾತೂ ಕೇಳಲಿಲ್ಲ. ಈಗ ದಿನಾ ಒಂದು ತಾಸು ಸುಮ್ನ ಕೇಳ್ತಾರ. ನೀ ಕೆಡಸಬ್ಯಾಡ.”

ನಾನು ಮನೆಯ ಮೇನ್ ಸ್ವಿಚ್ ಆರಿಸಿದೆ. ಫ್ಯಾನು ನಿಂತಿತು, ಫ್ರಿಜ್ಜೂ ನಿಂತಿತು. ಸರಿಯಾಗಿ ಎರಡಕ್ಕೆ ಏಸಿ ಗುರ್ರೆಂದು ಶುರುವಾಯಿತು.

ಅಜ್ಜಿ ಸೆರಗು ಸರಿಮಾಡಿಕೊಂಡರು. “ಬಂದ್ರೇನ್ರಿ?”

ಟೆಸ್ಟರ್ ಹಿಡಿದುಕೊಂಡೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಓದಿದವನು ಹಿಂದೆ ಸರಿಯಬಾರದೆಂದು ಎಲ್ಲೂ ಬರೆದಿಲ್ಲ. ಒಂದು ತಾಸಿಗೆ ಅದು ತಾನೇ ಆರಿದ ಮೇಲೆ ಸಾಕೆಟ್ ಬಿಚ್ಚಿದೆ. ಅದರ ವೈರು ಗೋಡೆ ತೂರಿ ಪಕ್ಕದ ಫ್ಲಾಟಿಗೆ ಹೋಗಿತ್ತು.

“ಪಕ್ಕದವರು ಅವರ ಕಡೆ ಸ್ವಿಚ್ ಹಾಕ್ತಾರೆ, ಅಷ್ಟೇ,” ಎಂದೆ.

ಅಜ್ಜಿಯ ಮುಖ ಬಾಡಿತು. ಪಕ್ಕದವರಿಗೂ ವಿಷಯ ತಿಳಿಸೋಣವೆಂದು ನಾನು ಹೊರಗೆ ಬಂದೆ.

ಅವರ ಬಾಗಿಲಿಗೆ ಹೊರಗಿನಿಂದ ಹಾಕಿದ್ದ ಬೀಗ ತುಕ್ಕು ಹಿಡಿದಿತ್ತು.