ಮೂರು ವರ್ಷದ ಲಾಭಕ್ಕೆ ಸಿಕ್ಕ ಕಂಪನಿ

ಸಂಕಪ್ಪಣ್ಣನಿಗೆ ಪಿ.ಇ. ಅನುಪಾತ ಕಲಿಸಿದವಳು ನಾನೇ. ಈಗ ಯಾರ ಮೇಲೆ ಸಿಟ್ಟು ಮಾಡುವುದು?

ಮೆಲ್ಕಾರಿನಲ್ಲಿ ಅವರದು ಹನ್ನೆರಡು ಮೇಜಿನ ಹೋಟೆಲು. ಅಲ್ಲೇ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ನನಗೆ ಬೆಳಗಿನ ಬನ್ಸ್ ಅವರಲ್ಲಿಯೇ. ಹೋಟೆಲು ಕೊಳ್ಳುವ ಮೊದಲು ಅವರು ಎದುರಿನ ಅಂಗಡಿ ಜಗಲಿಯಲ್ಲಿ ಎಂಟು ದಿನ ಕೂತು, ಒಳಗೆ ಹೋದ ಗಿರಾಕಿಗಳನ್ನು ಎಣಿಸಿದ್ದರಂತೆ. ವರ್ಷದ ಲಾಭ ಅಂದಾಜು ಮಾಡಿ, ಅದರ ನಾಲ್ಕು ಪಟ್ಟಿಗಿಂತ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲವೆಂದು ಹಟ ಹಿಡಿದು ಗೆದ್ದವರು. ಶೇರಿನ ಬೆಲೆಯನ್ನು ಶೇರೊಂದರ ವರ್ಷದ ಲಾಭದಿಂದ ಭಾಗಿಸಿದರೆ ಪಿ.ಇ. ಎಂದು ನಾನು ಬಿಲ್ಲಿನ ಹಿಂದೆ ಬರೆದು ತೋರಿಸಿದಾಗ ನಕ್ಕುಬಿಟ್ಟರು.

"ಇದು ನಮ್ಮ ಹೋಟೆಲಿನ ಲೆಕ್ಕವೇ ಅಲ್ವಾ ಟೀಚರೇ! ಇಷ್ಟಕ್ಕೆ ನೀವು ಮೂರು ವರ್ಷ ಪಾಠ ಮಾಡ್ತೀರಾ?"

ಅವರ ತಂಗಿ ಶಶಿಪ್ರಭಾಳ ಮನೆ ಹೆದ್ದಾರಿ ಅಗಲವಾದಾಗ ಹೋಗಿತ್ತು. ಪರಿಹಾರದ ಹದಿನಾಲ್ಕು ಲಕ್ಷವನ್ನು ಅಣ್ಣನ ಕೈಗಿಟ್ಟು, ದುಡ್ಡು ಸ್ವಲ್ಪ ಬೆಳೆದ ಮೇಲೆ ಮನೆ ಕಟ್ಟುವ ಎಂದು ಆಕೆ ಪಾಣೆಮಂಗಳೂರಿನಲ್ಲಿ ಬಾಡಿಗೆಗಿದ್ದಳು. ಸಂಕಪ್ಪಣ್ಣ ಆರಿಸಿದ್ದು ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡುವ ಒಂದು ಕಂಪನಿಯನ್ನು. ಶೇರಿಗೆ ನೂರಿಪ್ಪತ್ತು ರೂಪಾಯಿ, ವರ್ಷದ ಲಾಭ ಇಪ್ಪತ್ತು. ಪಿ.ಇ. ಆರು. ಅಂಥದೇ ಬೇರೆ ಕಂಪನಿಗಳದು ಹದಿನೆಂಟು, ಇಪ್ಪತ್ತು.

"ಇಷ್ಟು ಅಗ್ಗಕ್ಕೆ ಯಾಕೆ ಸಿಗ್ತದೆ ಅಂತ ನೋಡ್ಬೇಕು. ಸಾಲ ವಾಪಸ್ ಬರ್ತದೆ ಅಂತ ನಂಬಿ ಬರೆದ ಲಾಭ ಅದು," ಎಂದೆ. ಎಂದೆ ನಿಜ, ಆದರೆ ಗಟ್ಟಿಯಾಗಿ ಹೇಳಲಿಲ್ಲ. ಬಾಯಲ್ಲಿ ಬನ್ಸ್ ಇತ್ತು, ಕ್ಲಾಸಿಗೆ ತಡವಾಗಿತ್ತು. ಅವರು ಅರ್ಧ ಹಣ ಹಾಕಿದರು.

ಬೆಲೆ ತೊಂಬತ್ತಾಯಿತು, ಅರವತ್ತಾಯಿತು. ಹೋದ ವರ್ಷದ ಲಾಭ ಮಾತ್ರ ಕದಲದೆ ಇಪ್ಪತ್ತೇ. ಭಾಗಿಸಿದರೆ ಮೂರು.

"ಮೂರು ವರ್ಷದ ಲಾಭಕ್ಕೆ ಇಡೀ ಕಂಪನಿ ಸಿಗ್ತಾ ಉಂಟು!" ಎಂದು ಉಳಿದರ್ಧವನ್ನೂ ಸುರಿದರು. ಅದೇ ಕಂಪನಿಯಿಂದ ಸಾಲ ತೆಗೆದಿದ್ದ ಟೈಲ್ಸ್ ಅಂಗಡಿಯವನು ಅವರ ಹೋಟೆಲಿನಲ್ಲೇ ಕೂತು, "ಕಂತಿನವರು ಬಂದ್ರೆ ನಾನು ಇಲ್ಲ ಅಂತ ಹೇಳಿ ಮಾರಾಯ್ರೆ," ಎನ್ನುತ್ತಿದ್ದ. ಇವರು ಆಯಿತೆಂದು ತಲೆಯಾಡಿಸುತ್ತಿದ್ದರು. ಎಂಟು ದಿನ ಗಿರಾಕಿ ಎಣಿಸಿದ ಮನುಷ್ಯನಿಗೆ ಇದು ಕಾಣಲಿಲ್ಲ. ಓದಿದವಳು ಎನಿಸಿಕೊಂಡ ನನಗೂ ಕಾಣಲಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಸಾಲಗಳು ಮುಳುಗಿ ಕಂಪನಿ ನಷ್ಟದಲ್ಲಿತ್ತು. ಲಾಭವೇ ಇಲ್ಲದ ಮೇಲೆ ಭಾಗಿಸುವುದು ಯಾವುದರಿಂದ? ಮೊಬೈಲಿನಲ್ಲಿ ಪಿ.ಇ. ಇದ್ದ ಜಾಗದಲ್ಲಿ ಬರೀ ಒಂದು ಗೆರೆ. ಬೆಲೆ ಹನ್ನೊಂದಕ್ಕೆ ಬಂದಿತ್ತು, ಮಾರಲು ಇಟ್ಟರೆ ಕೊಳ್ಳುವವರಿಲ್ಲ. ಸಂಕಪ್ಪಣ್ಣ ದಿನಕ್ಕೆ ಹತ್ತು ಸಲ ನನ್ನೆದುರು ಮೊಬೈಲು ಹಿಡಿಯುತ್ತಿದ್ದರು. ತಂಗಿಗೆ ಹೇಳುವ ಧೈರ್ಯ ಅವರಿಗಿರಲಿಲ್ಲ.

ಮೊನ್ನೆ ಮಧ್ಯಾಹ್ನ ಶಶಿಪ್ರಭಾಳೇ ಬಂದಳು. ಮುಖದಲ್ಲಿ ಉತ್ಸಾಹವಿತ್ತು.

"ಅಣ್ಣ, ರೇಟು ತುಂಬ ಇಳಿದಿದೆಯಂತಲ್ಲ! ಇಳಿದಷ್ಟೂ ಒಳ್ಳೆದು ಅಂತ ನೀವೇ ಹೇಳ್ತಿದ್ರಿ. ಬಳೆ ಮಾರಿದೆ. ಎರಡು ಲಕ್ಷ ಉಂಟು, ಇದನ್ನೂ ಹಾಕಿ," ಎಂದು ಕವರನ್ನು ಕೌಂಟರಿನ ಮೇಲಿಟ್ಟಳು.

ಸಂಕಪ್ಪಣ್ಣ ಗಲ್ಲಾದ ಚಿಲ್ಲರೆ ಎಣಿಸತೊಡಗಿದರು. ಆಕೆ ನನ್ನತ್ತ ತಿರುಗಿದಳು.

"ಟೀಚರ್, ಈಗ ತೆಗೊಂಡ್ರೆ ಒಳ್ಳೆದಲ್ವಾ?"

ನಾನು ಸಂಕಪ್ಪಣ್ಣನ ಮುಖ ನೋಡಿದೆ. ಕಣ್ಣಲ್ಲೇ ಅಂಗಲಾಚುತ್ತಿದ್ದರು. ಹೇಳಿಬಿಡಿ ಎಂದೋ, ಹೇಳಬೇಡಿ ಎಂದೋ ನನಗೆ ತಿಳಿಯಲಿಲ್ಲ.